ಆಕ್ಸ್‌ಫರ್ಡಿನ ಜೋಸೆಫ್ ರೈಟ್ ಯಾಕೆ ವಿಚಿತ್ರ ಪ್ರೊಫೆಸರ್ ಅನ್ನಿಸಿಕೊಂಡರು?
ಅವರ ಬದುಕೇ ಹಾಗಿತ್ತು. 1855ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬಡ ಮನೆಯಲ್ಲಿ ಹುಟ್ಟಿದರು. ಆರನೇ ವಯಸ್ಸಿಗೇ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆದರು, ಆಮೇಲೆ ಮಿಲ್ ಸೇರಿದರು. ಓದಲು ಕಲಿತದ್ದು ಹದಿನೈದರ ಹೊತ್ತಿಗೆ! ಕೂಡಿಟ್ಟ ದುಡ್ಡು ಹಿಡಿದು ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಜರ್ಮನಿಯ ಹೈಡೆಲ್‌ಬರ್ಗ್‌ವರೆಗೆ ನಡೆದೇ ಹೋದರು. 1885ರಲ್ಲಿ ಅಲ್ಲೇ ಡಾಕ್ಟರೇಟ್ ಪಡೆದರು.

1901ರಲ್ಲಿ ಆಕ್ಸ್‌ಫರ್ಡಿನಲ್ಲಿ ಭಾಷಾಶಾಸ್ತ್ರದ ಪ್ರೊಫೆಸರ್ ಆದರು. ಅವರ ನಾಯಿ ಜ್ಯಾಕ್‌ಗೂ ಪಾಠ ಬಿಡಲಿಲ್ಲ. ಹಳೆಯ ಗೋಥಿಕ್ ಭಾಷೆಯಲ್ಲಿ 'ಸ್ಮಕ್ಕಬಗ್ಮ್ಸ್' (ಅಂಜೂರದ ಮರ) ಎಂದು ಹೇಳಿದರೆ ಸಾಕು, ಅದು ತುಟಿ ಸವರಿಕೊಳ್ಳುತ್ತಿತ್ತು. ಮನೆಗೆ ಬಂದವರಿಗೆಲ್ಲ ಖುಷಿಯೋ ಖುಷಿ.

ನನಗೆ ಅವರು ಇಷ್ಟವಾಗೋದು ಇನ್ನೊಂದು ಕಾರಣಕ್ಕೆ. ಹಳ್ಳಿಯವರ, ಕೂಲಿಯವರ ಆಡುಮಾತನ್ನೆಲ್ಲ ಸೇರಿಸಿ 1898ರಿಂದ 1905ರವರೆಗೆ ಆರು ಸಂಪುಟಗಳ ಇಂಗ್ಲಿಷ್ ಆಡುನುಡಿ ನಿಘಂಟು ತಂದರು. 'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿ ಬರೆದ ಟೋಲ್ಕಿನ್ ಇವರದೇ ಶಿಷ್ಯ.