ಐಟಿಗೆ ಹೊರಟಿದ್ದೀರಾ? ಫೀಸು ಕಟ್ಟುವ ಮುನ್ನ

ಪ್ರಶ್ನೆ: ನಾನು ಬಿ.ಕಾಂ. ಪದವೀಧರ, ವಯಸ್ಸು 29. ಆಡಿಟರೊಬ್ಬರ ಕಚೇರಿಯಲ್ಲಿ ಆರು ವರ್ಷದಿಂದ ಟ್ಯಾಲಿ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಿದ್ದೇನೆ. ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ಆರು ತಿಂಗಳ ಜಾವಾ ಫುಲ್ ಸ್ಟ್ಯಾಕ್ ಕೋರ್ಸಿಗೆ 85,000 ರೂಪಾಯಿ ಕೇಳುತ್ತಿದೆ. ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎನ್ನುತ್ತಾರೆ. ಸೇರಲೇ?
- ಹೆಸರು ಬೇಡ, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ಫುಲ್ ಸ್ಟ್ಯಾಕ್ ಎಂದರೆ ಜಾಲತಾಣದ ಕಾಣುವ ಪುಟದಿಂದ ಹಿಂದಿನ ಡೇಟಾಬೇಸ್‌ವರೆಗೆ ಎಲ್ಲವನ್ನೂ ಕಟ್ಟುವ ಕೆಲಸ. ಅದಕ್ಕೆ ಬೇಕಾದದ್ದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ಜಾವಾ, ಸ್ಪ್ರಿಂಗ್ ಬೂಟ್, ಡೇಟಾಬೇಸ್, ಗಿಟ್. ಹಿಂದೆ ಪ್ರೋಗ್ರಾಂ ಬರೆಯದವರಿಗೆ ಆರು ತಿಂಗಳಲ್ಲಿ ಇಷ್ಟೂ ಕೈಗೆ ಹತ್ತುವುದು ಕಷ್ಟ. ಹತ್ತಿದರೂ ಅದೇ ಹುದ್ದೆಗೆ ಆ ವರ್ಷ ಬಿ.ಇ. ಮುಗಿಸಿದವರೆಲ್ಲ ಅರ್ಜಿ ಹಾಕಿರುತ್ತಾರೆ. ನಿಮ್ಮ ಆರು ವರ್ಷದ ಲೆಕ್ಕಪತ್ರದ ಅನುಭವ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಅದು ಲೆಕ್ಕಕ್ಕೆ ಬರುವ ಕಡೆ ನೋಡಿ: ಹಣಕಾಸು ವಿಭಾಗದ ಎಂಐಎಸ್ (ಆಡಳಿತಕ್ಕೆ ವರದಿ ಸಿದ್ಧಪಡಿಸುವ ಕೆಲಸ) ಅಥವಾ ಡೇಟಾ ಅನಾಲಿಸ್ಟ್, ಅಕೌಂಟಿಂಗ್ ತಂತ್ರಾಂಶ ಮಾರುವ ಕಂಪನಿಗಳಲ್ಲಿ ಸಪೋರ್ಟ್ ಮತ್ತು ಇಂಪ್ಲಿಮೆಂಟೇಶನ್, ಬಿಲ್ಲಿಂಗ್ ತಂತ್ರಾಂಶದ ಟೆಸ್ಟಿಂಗ್. ಒಂದು ಭಾನುವಾರ ಕೂತು, ಉದ್ಯೋಗ ಜಾಲತಾಣದಲ್ಲಿ ಇಂಥ ಒಂದೇ ಹುದ್ದೆಯ 30 ಜಾಹೀರಾತು ತೆರೆದು, ಕೇಳಿರುವ ಕೌಶಲಗಳನ್ನು ಎಕ್ಸೆಲ್‌ನಲ್ಲಿ ಪಟ್ಟಿಮಾಡಿ. ಅರ್ಧಕ್ಕಿಂತ ಹೆಚ್ಚು ಕಡೆ ಬಂದದ್ದೇ ನಿಮ್ಮ ಸಿಲಬಸ್. ಸಂಸ್ಥೆಯ ಸಿಲಬಸ್ಸನ್ನು ಪಕ್ಕದಲ್ಲಿಟ್ಟು ನೋಡಿದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರೆಂದು ತಿಳಿಯುತ್ತದೆ.

ಅನಾಲಿಸ್ಟ್ ದಾರಿ ಹಿಡಿದರೆ ಮೊದಲು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳಿ ಪಡೆಯುವ ಭಾಷೆ), ದಿನಕ್ಕೆ ಎರಡು ಗಂಟೆಯಂತೆ ಆರು ವಾರ. ಆಮೇಲೆ ನಾಲ್ಕೈದು ವಾರ ಪವರ್ ಬಿಐ, ಅಂದರೆ ಅಂಕಿಗಳನ್ನು ಚಾರ್ಟು, ಡ್ಯಾಶ್‌ಬೋರ್ಡಾಗಿ ತೋರಿಸುವ ತಂತ್ರಾಂಶ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ಅವಸರವಿಲ್ಲ. ಬಹಳ ಜನ ಎಡವುವುದು ಇಲ್ಲೇ: ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಮೊದಲು ಕಲಿತು ಎಸ್‌ಕ್ಯೂಎಲ್ ಅನ್ನು ಮೇಲೆಮೇಲೆ ಮುಟ್ಟಿ ಬಿಡುತ್ತಾರೆ. ಸಂದರ್ಶನದಲ್ಲಿ ಎರಡು ಟೇಬಲ್ ಕೊಟ್ಟು ಜಾಯಿನ್ ಮಾಡಿ (ಹೊಂದುವ ಸಾಲುಗಳನ್ನು ಜೋಡಿಸಿ) ಎಂದಾಗ ಕೈ ಓಡುವುದಿಲ್ಲ. ಒಂದು ಇನ್‌ವಾಯ್ಸ್‌ಗೆ ಮೂರು ಕಂತಿನಲ್ಲಿ ಹಣ ಬಂದಿದೆ ಎನ್ನಿ. ಇನ್‌ವಾಯ್ಸ್ ಟೇಬಲ್ಲನ್ನು ಪಾವತಿ ಟೇಬಲ್ಲಿಗೆ ನೇರ ಜಾಯಿನ್ ಮಾಡಿ ಕೂಡಿದರೆ ಆ ಇನ್‌ವಾಯ್ಸಿನ ಮೊತ್ತ ಮೂರು ಸಲ ಸೇರಿಬಿಡುತ್ತದೆ. ಪಾವತಿಗಳನ್ನು ಮೊದಲು ಇನ್‌ವಾಯ್ಸ್‌ವಾರು ಒಟ್ಟುಗೂಡಿಸಿ (ಎಸ್‌ಕ್ಯೂಎಲ್‌ನಲ್ಲಿ ‘ಗ್ರೂಪ್ ಬೈ’), ನಂತರ ಜೋಡಿಸಬೇಕು. ಹೊಸಬರು ಈ ತಪ್ಪನ್ನು ಗಮನಿಸುವುದೇ ಇಲ್ಲ. ದಿನಾ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುವ ನಿಮಗೆ ಮೊತ್ತ ಕಂಡ ಕೂಡಲೇ ಅನುಮಾನ ಬರುತ್ತದೆ. ನಿಮ್ಮ ಬಂಡವಾಳ ಅದೇ.

ಎಸ್‌ಕ್ಯೂಎಲ್ ಅಭ್ಯಾಸಕ್ಕೆ ಬೇಕಾದ ಡೇಟಾಬೇಸ್ ತಂತ್ರಾಂಶಗಳಾದ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಜೊತೆಗೆ ಪವರ್ ಬಿಐ ಡೆಸ್ಕ್‌ಟಾಪ್ ಮೂರೂ ಉಚಿತ. ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಲ್ಯಾಪ್‌ಟಾಪ್ ಕೊಳ್ಳುವುದಾದರೆ ನೆನಪಿರಲಿ, 16 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು. ಫೀಸು ಕಟ್ಟುವ ಮುನ್ನ ಮೂರು ವಾರ ಮನೆಯಲ್ಲೇ ಎಸ್‌ಕ್ಯೂಎಲ್ ಪ್ರಯತ್ನಿಸಿ. ಆ ಮೂರು ವಾರ ಹಿಂಸೆ ಎನಿಸಿದರೆ 85,000 ಉಳಿಯಿತು.

ಪ್ರಾಜೆಕ್ಟ್ ಎಂದು ಬ್ಯಾಚಿನವರೆಲ್ಲ ಮಾಡುವ ಅದೇ ಮಾರಾಟದ ಡೇಟಾ ತೋರಿಸಬೇಡಿ. ಖರೀದಿ ರಿಜಿಸ್ಟರನ್ನು ಜಿಎಸ್‌ಟಿಆರ್-2ಬಿ (ಮಾರಾಟಗಾರರು ಸಲ್ಲಿಸಿದ ವಿವರದಿಂದ ಜಿಎಸ್‌ಟಿ ಪೋರ್ಟಲ್ ಕೊಡುವ ಖರೀದಿ ಪಟ್ಟಿ) ಜೊತೆ ತಾಳೆ ಹಾಕುವ ಪ್ರಾಜೆಕ್ಟ್ ಮಾಡಿ. ಒಂದರಲ್ಲಿ ‘001/24-25’, ಇನ್ನೊಂದರಲ್ಲಿ ಬರೀ ‘1’ ಎಂದಿರುವ ಇನ್‌ವಾಯ್ಸ್ ಸಂಖ್ಯೆಗಳನ್ನು ಹೇಗೆ ಹೊಂದಿಸಿದಿರಿ ಎಂಬುದನ್ನೇ ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡಬಹುದು. ಕ್ಲೈಂಟ್‌ಗಳ ನಿಜವಾದ ಡೇಟಾ ಮಾತ್ರ ಮುಟ್ಟಬೇಡಿ, ಹೆಸರು ಬದಲಿಸಿದರೂ ಬೇಡ, ಹೊಸದಾಗಿ ಸೃಷ್ಟಿಸಿಕೊಳ್ಳಿ.

ಇನ್ನು ಆ ‘ಗ್ಯಾರಂಟಿ’. ಯಾವ ಹುದ್ದೆ, ಕನಿಷ್ಠ ಸಂಬಳ ಎಷ್ಟು, ಎಷ್ಟು ತಿಂಗಳೊಳಗೆ, ಸಿಗದಿದ್ದರೆ ಎಷ್ಟು ಹಣ ವಾಪಸ್ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಗ್ಯಾರಂಟಿ ಎಂದದ್ದು ಕಾಗದದಲ್ಲಿ ‘ನೆರವು’ ಆಗಿರುವುದೇ ಹೆಚ್ಚು. 85,000ದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ. ಇಲ್ಲವಾದರೆ ಶೇ 18ರಂತೆ 15,300 ಸೇರಿ 1,00,300 ಆಗುತ್ತದೆ. ಜಿಎಸ್‌ಟಿ ವಿಷಯ ನಿಮಗೆ ನಾವು ಹೇಳಬೇಕಿಲ್ಲ, ಬಿಡಿ!

ಪ್ರಶ್ನೆ: ಬಿ.ಎಸ್ಸಿ. ಮಾಡಿ ಮಕ್ಕಳಿಗಾಗಿ ಎಂಟು ವರ್ಷ ಮನೆಯಲ್ಲಿದ್ದೆ. ಎರಡು ತಿಂಗಳ ಮ್ಯಾನ್ಯುಯಲ್ ಟೆಸ್ಟಿಂಗ್ ಕೋರ್ಸ್ ಸಾಕಾಗುತ್ತದೆಯೇ?
- ಗೃಹಿಣಿ, ಶಿವಮೊಗ್ಗ

ಉತ್ತರ: ಮ್ಯಾನ್ಯುಯಲ್, ಅಂದರೆ ತಂತ್ರಾಂಶವನ್ನು ಕೈಯಾರೆ ಬಳಸಿ ದೋಷ ಹುಡುಕುವುದು, ಒಂದೇ ಸಾಲದು. ಅದರ ಮೇಲೆ ಎಸ್‌ಕ್ಯೂಎಲ್, ಪೋಸ್ಟ್‌ಮ್ಯಾನ್ ಎಂಬ ತಂತ್ರಾಂಶ ಬಳಸಿ ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ಕೊಂಡಿ) ಪರೀಕ್ಷಿಸುವುದು, ಆಮೇಲೆ ಪರೀಕ್ಷೆಯನ್ನು ತಾನಾಗಿ ನಡೆಸುವ ಸೆಲೆನಿಯಂ ಅಥವಾ ಪ್ಲೇರೈಟ್ ಬೇಕು. ಒಟ್ಟು ಆರು ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಟೆಸ್ಟಿಂಗ್ ಕ್ಷೇತ್ರದ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆಗೆ ಯಾವ ಸಂಸ್ಥೆಯಲ್ಲೂ ಕಲಿತಿರಬೇಕೆಂಬ ಷರತ್ತಿಲ್ಲ. ಸಿಲಬಸ್ ಉಚಿತವಾಗಿ ಸಿಗುತ್ತದೆ. 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸು.

ಅಭ್ಯಾಸಕ್ಕೆ ಬಸ್ ಟಿಕೆಟ್ ಬುಕಿಂಗ್ ಪುಟವೊಂದನ್ನು ಆರಿಸಿ 40 ಟೆಸ್ಟ್ ಕೇಸ್ ಬರೆಯಿರಿ. ಹಿಂದಿನ ದಿನಾಂಕ ಹಾಕಿದರೆ? ಹೊರಡುವ ಊರು, ತಲುಪುವ ಊರು ಒಂದೇ ಆದರೆ? ಹಣ ಕಟ್ಟುವಾಗ ನೆಟ್ ಹೋದರೆ? ದೋಷ ವರದಿಯಲ್ಲಿ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬ ಮೂರೂ ಬೇರೆಬೇರೆಯಾಗಿ ಇರಬೇಕು. ಆನ್‌ಲೈನ್ ಬ್ಯಾಚ್ ಸೇರುವುದಾದರೆ ರೆಕಾರ್ಡ್ ಮಾಡಿದ ಪಾಠವೋ ಲೈವ್ ತರಗತಿಯೋ, ನಿಮ್ಮ ಕೆಲಸವನ್ನು ಯಾರು ತಿದ್ದುತ್ತಾರೆ ಎಂದು ಕೇಳಿ. ತಿದ್ದುವವರಿಲ್ಲದಿದ್ದರೆ ಅಂಥ ಪಾಠ ಯೂಟ್ಯೂಬ್‌ನಲ್ಲೇ ಇದೆ. ಎಂಟು ವರ್ಷದ ಅಂತರವನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಒಂದು ಸಾಲಿನಲ್ಲಿ ಹೇಳಿಬಿಡಿ.

ಪ್ರಶ್ನೆ: ತರಬೇತಿ ಸಂಸ್ಥೆಯವರು ಮೂರು ವರ್ಷದ ಅನುಭವ ಇದೆ ಎಂದು ಪತ್ರ ಮಾಡಿಸಿಕೊಡುತ್ತೇವೆ ಎನ್ನುತ್ತಾರೆ. ಎಲ್ಲರೂ ಹಾಗೇ ಮಾಡುತ್ತಾರಂತೆ?
- ಒಬ್ಬ ಓದುಗ, ತುಮಕೂರು

ಉತ್ತರ: ಬೇಡವೇ ಬೇಡ. ಕಂಪನಿಗಳು ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್‌ನ ಯುಎಎನ್ (ನೌಕರನ ಖಾಯಂ ಪಿಎಫ್ ಸಂಖ್ಯೆ) ಇತಿಹಾಸ ನೋಡುತ್ತವೆ. ನೀವು ಇದ್ದೆನೆಂದ ಕಂಪನಿ ಅಲ್ಲಿ ಇರುವುದಿಲ್ಲ. ಕೆಲಸಕ್ಕೆ ಸೇರಿ ವರ್ಷವಾದ ಮೇಲೂ ತೆಗೆದುಹಾಕಬಹುದು. ಇಂಥ ಮಾತಾಡುವ ಸಂಸ್ಥೆಯ ಪಾಠವನ್ನೂ ನಂಬಬೇಡಿ.

ಪ್ರಶ್ನೆ: ತರಬೇತಿ ಸಂಸ್ಥೆಯವರು ‘ಬಡ್ಡಿರಹಿತ ಕಂತು’ ಎಂದು ಸೇರಿಸಿಕೊಂಡರು. ಪಾಠ ಸರಿಯಿಲ್ಲವೆಂದು ಎರಡು ವಾರಕ್ಕೆ ಬಿಟ್ಟೆ. ಕಂತು ಮಾತ್ರ ಪ್ರತಿ ತಿಂಗಳು ಕಡಿತವಾಗುತ್ತಿದೆ.
- ಹುಬ್ಬಳ್ಳಿಯ ಓದುಗ

ಉತ್ತರ: ಅದು ಸಂಸ್ಥೆಗೆ ಕಟ್ಟುವ ಕಂತಲ್ಲ, ನಿಮ್ಮ ಹೆಸರಲ್ಲಿ ಹಣಕಾಸು ಕಂಪನಿ ಕೊಟ್ಟ ಸಾಲ. ಹಣ ಆಗಲೇ ಸಂಸ್ಥೆಯ ಕೈ ಸೇರಿರುತ್ತದೆ. ಬ್ಯಾಂಕಿಗೆ ಹೇಳಿ ಕಂತು ನಿಲ್ಲಿಸಿದರೆ ಸಿಬಿಲ್ ಅಂಕ ಕೆಡುವುದು ನಿಮ್ಮದೇ, ಆ ಕೆಲಸಕ್ಕೆ ಹೋಗಬೇಡಿ. ಸಂಸ್ಥೆಗೆ ಪ್ರವೇಶ ರದ್ದತಿಯ ಇಮೇಲ್ ಕಳಿಸಿ, ಪ್ರತಿಯನ್ನು ಸಾಲದ ಕಂಪನಿಗೂ ಹಾಕಿ. ಬಿಟ್ಟ ದಿನಾಂಕ, ಹಾಜರಾದ ತರಗತಿಗಳ ಸಂಖ್ಯೆ, ಸೇರುವಾಗ ಅವರು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳು ಜೊತೆಯಲ್ಲಿರಲಿ. ಸಾಲದ ಕಂಪನಿಯ ದೂರು ಅಧಿಕಾರಿ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ಸಂಸ್ಥೆಯ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇನ್ನೂ ಸೇರದವರಿಗೊಂದು ಮಾತು: ಇಂಥ ಡಿಜಿಟಲ್ ಸಾಲಕ್ಕೆ ದಂಡವಿಲ್ಲದೆ ಹಿಂದೆ ಸರಿಯಲು ಕನಿಷ್ಠ ಒಂದು ದಿನದ ಅವಕಾಶ ಇರಲೇಬೇಕೆಂಬ ನಿಯಮವಿದೆ. ಎಷ್ಟು ದಿನ ಎಂಬುದು ಸಾಲದ ಮುಖ್ಯ ವಿವರಗಳ ಪತ್ರದಲ್ಲಿರುತ್ತದೆ. ಒಟಿಪಿ ಹೇಳುವ ಮೊದಲು ಆ ಪತ್ರ ಕೇಳಿ ಓದಿ.