ಅಜ್ಜಿ ಹೇಳುವ ‘ಹಮ್ಮಿಣಿ’

ಪ್ರಶ್ನೆ: ನಮ್ಮದು ಕೊಡಗಿನ ಶನಿವಾರಸಂತೆ ಹತ್ತಿರದ ಹಳ್ಳಿ. ಅಜ್ಜನ ಟ್ರಂಕಿನಲ್ಲಿ ಒಂದು ಹಳೇ ಬಟ್ಟೆಚೀಲ ಸಿಕ್ಕಿತು. ಎರಡು ಮೊಳ ಉದ್ದ, ಮೂರು ಬೆರಳು ಅಗಲ, ತುದಿಯಲ್ಲಿ ದಾರ. ಅಜ್ಜಿ ಅದನ್ನು ‘ಹಮ್ಮಿಣಿ’ ಅನ್ನುತ್ತಾರೆ. ಹಣ, ಮಿಣಿ ಎರಡೂ ಸೇರಿ ಈ ಪದ ಆಗಿದೆಯಾ? ಮಿಣಿ ಅಂದರೆ ಹಗ್ಗ ಅಲ್ವಾ?

ಉತ್ತರ: ಮೊದಲು ಅಜ್ಜಿಗೆ ನಮಸ್ಕಾರ ಹೇಳಿ. ಈ ಪದವನ್ನು ಬಾಯಲ್ಲಿ ಉಳಿಸಿಕೊಂಡವರು ಈಗ ತುಂಬಾ ಕಡಿಮೆ.

ಹಮ್ಮಿಣಿ ಅಂದರೆ ಸೊಂಟಕ್ಕೆ ಕಟ್ಟಿಕೊಳ್ಳುವ ಹಣದ ಚೀಲ. ಮಿಣಿ ಅಂದರೆ ತೊಗಲಿನ ಹಗ್ಗ, ಅದು ನಿಜ. ನಿಮ್ಮ ಊಹೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಪದ ಬಂದದ್ದು ಪಾರಸಿಯ ‘ಹಮ್ಯಾನ್’ ಎಂಬುದರಿಂದ. ಅಲ್ಲಿಯೂ ಅರ್ಥ ಹಣದ ಚೀಲವೇ. ಹಿಂದಿಯಲ್ಲಿ ಇದೇ ಪದ ‘ಹಿಮಯಾನಿ’ ಆಗಿದೆ. ಜೇಬು, ಖರ್ಚು, ಬಾಕಿ, ವಸೂಲಿ ಎಲ್ಲ ಹೀಗೆಯೇ ಹೊರಗಿಂದ ಬಂದು ನಮ್ಮವಾದವು.

ಇನ್ನೊಂದು ಸುಳಿವು ನಿಮ್ಮ ಊರ ಸುತ್ತಲೇ ಇದೆ. ಕೊಡಗಿನ ಸುಗ್ಗಿ ಹಬ್ಬವನ್ನು ನಾವು ಹುತ್ತರಿ ಅಂದರೆ ಕೊಡವರು ಪುತ್ತರಿ ಅನ್ನುತ್ತಾರೆ. ನಮ್ಮ ಹಾಲು ಅವರಿಗೆ ಪಾಲ್, ಹಣ ಅವರಿಗೆ ಪಣ. ಹಳಗನ್ನಡದಲ್ಲೂ ಹಾಲು, ಹಣ ಎರಡೂ ‘ಪ’ದಿಂದಲೇ ಶುರುವಾಗುತ್ತಿದ್ದವು, ಆಮೇಲೆ ನಮ್ಮ ಬಾಯಲ್ಲಿ ‘ಹ’ ಆದವು. ಹಮ್ಮಿಣಿಯ ‘ಹ’ ಹಾಗೆ ಬದಲಾದದ್ದಲ್ಲ, ಮೂಲದಲ್ಲೇ ಇದ್ದದ್ದು.

ಅಷ್ಟು ಉದ್ದ ಯಾಕೆ ಅಂದರೆ, ಆಗಿನ ದುಡ್ಡಿಗೆ ಭಾರ ಜಾಸ್ತಿ. ಒಂದು ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ. ನೂರು ರೂಪಾಯಿ ಒಯ್ಯಬೇಕಾದರೆ ಒಂದು ಕಿಲೋಗಿಂತ ಜಾಸ್ತಿ ಆಯಿತು! ಅದನ್ನು ಅಂಗಿಯ ಜೇಬು ತಡೆಯುವುದಿಲ್ಲ. ಕಿರಿದಾದ ಚೀಲದಲ್ಲಿ ಸಾಲಾಗಿ ತುಂಬಿ, ಸೊಂಟಕ್ಕೆ ಸುತ್ತಿ ಬಿಗಿದರೆ ಭಾರ ಸುತ್ತಲೂ ಹಂಚಿಹೋಗುತ್ತದೆ. ಸಂತೆಯ ನೂಕಾಟದಲ್ಲಿ ಸದ್ದೂ ಆಗದು, ಕಳ್ಳನ ಕೈಗೂ ಸಿಗದು.

ಇದನ್ನು ಸಂಚಿ ಜೊತೆ ಬೆರೆಸಬೇಡಿ. ಸಂಚಿ ಎಲೆಅಡಿಕೆಗೆ. ಮೈಸೂರು ಅರಸರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಕವಯಿತ್ರಿ ಹೊನ್ನಮ್ಮ ‘ಸಂಚಿಯ ಹೊನ್ನಮ್ಮ’ ಆದದ್ದು ಅದರಿಂದಲೇ. ಹಸಿಬೆ ಬೇರೆ, ಅದು ಹೆಗಲ ಮೇಲೆ ಎರಡೂ ಕಡೆ ಇಳಿಬಿಡುವ ಚೀಲ.

ಈಗಿನ ಪರ್ಸಿಗೆ ಹಮ್ಮಿಣಿ ಅನ್ನಬಹುದಾ ಅಂತ ಕೆಲವರು ಕೇಳುತ್ತಾರೆ. ಧಾರಾಳವಾಗಿ ಅನ್ನಿ. ಆದರೆ ಪ್ರವಾಸ ಹೋಗುವಾಗ ಅಂಗಿಯೊಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ ಚೀಲ ಇದೆಯಲ್ಲ, ಅದಕ್ಕೆ ಈ ಹೆಸರು ಇನ್ನೂ ಸರಿಯಾಗಿ ಒಪ್ಪುತ್ತದೆ.