ಪ್ಯಾಕೆಟ್ ಒಡೆದಷ್ಟೂ ಖರ್ಚು

ಪ್ರಶ್ನೆ: ಮಗನಿಗೆ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟದ ಹುಚ್ಚು. ಒಳಗೆ ಯಾವ ಕಾರ್ಡ್ ಇದೆಯೆಂದು ತಿಳಿಯದ ಪ್ಯಾಕೆಟ್ ಎಷ್ಟು ತಂದರೂ ಬೇಕಾದ ಕಾರ್ಡ್ ಸಿಗುತ್ತಿಲ್ಲ. ಮೊಬೈಲ್‌ನಲ್ಲಿ ಆಡಿದರೆ ಅಗ್ಗವೇ?

ಉತ್ತರ: ಮೊದಲು ಪ್ಯಾಕೆಟ್ ತರುವುದನ್ನು ನಿಲ್ಲಿಸಿ. ಆಡಲು ಜೋಡಿಸಿಕೊಳ್ಳುವ ಕಟ್ಟಿಗೆ, ಅಂದರೆ ಡೆಕ್‌ಗೆ, ಸಾಮಾನ್ಯವಾಗಿ ಕನಿಷ್ಠ 60 ಕಾರ್ಡ್ ಬೇಕು. ಆಟಕ್ಕೆ ಶಕ್ತಿ ಒದಗಿಸುವ ‘ಬೇಸಿಕ್ ಲ್ಯಾಂಡ್’ ಕಾರ್ಡ್ ಬಿಟ್ಟರೆ ಒಂದೇ ಹೆಸರಿನವು 4ರವರೆಗೆ ಇರಬಹುದು. ಅಪರೂಪದ ಕಾರ್ಡೊಂದರ 4 ಪ್ರತಿಗಳೂ ಪ್ಯಾಕೆಟ್‌ನಿಂದಲೇ ಬರಲಿ ಎಂದು ಕಾಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಡೆಕ್‌ನ ಪಟ್ಟಿ ಬರೆದು, ಬೇಕಾದವನ್ನಷ್ಟೇ ಬಿಡಿಯಾಗಿ ಕೊಳ್ಳಿ. ಅದೇ ಕಾರ್ಡ್ ಹಲವು ಮುದ್ರಣಗಳಲ್ಲಿ ಬಂದಿದ್ದರೆ ಅಗ್ಗದ್ದೇ ಸಾಕು, ಮಿಂಚುವ ಫಾಯಿಲ್‌ನಿಂದ ಆಟದ ಬಲವೇನೂ ಹೆಚ್ಚುವುದಿಲ್ಲ. ಇತ್ತೀಚಿನ ಕಾರ್ಡ್‌ಗಳಷ್ಟೇ ನಡೆಯುವ ‘ಸ್ಟ್ಯಾಂಡರ್ಡ್’ ಪಂದ್ಯಗಳಲ್ಲಿ ಹಳೆಯ ಸೆಟ್‌ಗಳು (ಒಟ್ಟಿಗೆ ಬಿಡುಗಡೆಯಾದ ಕಾರ್ಡ್‌ಗಳ ಗುಂಪು) ಕಾಲಕಾಲಕ್ಕೆ ಹೊರಬೀಳುತ್ತವೆ. ದುಬಾರಿ ಕಾರ್ಡಿನ ಅವಧಿ ಇನ್ನೆಷ್ಟಿದೆ ಎಂದು ನೋಡಿಯೇ ದುಡ್ಡು ಕೊಡಿ. ಮನೆಯಾಟಕ್ಕಾದರೆ ಕಾಗದದ ಚೀಟಿಯಲ್ಲಿ ಹೆಸರು, ನಿಯಮ ಬರೆದು, ಮಾಮೂಲಿ ಕಾರ್ಡಿನ ಮುಂದಿಟ್ಟು ಸ್ಲೀವ್‌ಗೆ (ಕಾರ್ಡಿನ ಪ್ಲಾಸ್ಟಿಕ್ ಕವಚ) ಸೇರಿಸಿ. ಹತ್ತಾರು ಆಟ ಆಡಿದ ಮೇಲೂ ಡೆಕ್ ಹಿಡಿಸಿದರೆ ಮಾತ್ರ ಅಸಲಿ ಕೊಳ್ಳಲಿ.

ಇದೇ ಆಟದ ಮೊಬೈಲ್ ರೂಪವಾದ ‘ಅರೀನಾ’ ಶುರುವಿಗೆ ಉಚಿತ. ಅಲ್ಲಿನ ವೈಲ್ಡ್‌ಕಾರ್ಡ್ ಕೊಟ್ಟು ಅಪರೂಪತೆಯಲ್ಲಿ ಅದೇ ದರ್ಜೆಯ ಯಾವ ಕಾರ್ಡನ್ನಾದರೂ ಪಡೆಯಬಹುದು. ಆದರೆ ಅಲ್ಲಿ ಕಾರ್ಡ್ ಮಾರುವಂತಿಲ್ಲ, ಬದಲಿಸಿಕೊಳ್ಳುವಂತಿಲ್ಲ. ಹಾಕಿದ ದುಡ್ಡು ಹೋದಂತೆಯೇ. ಕಾಗದದ ಕಾರ್ಡನ್ನು ಬೇಡವಾದಾಗ ಮಾರಬಹುದು. ‘ಹಾರ್ತ್‌ಸ್ಟೋನ್’ ಎಂಬ ಇನ್ನೊಂದು ಡಿಜಿಟಲ್ ಕಾರ್ಡ್ ಆಟದಲ್ಲಿ ಅತಿ ಅಪರೂಪದ ‘ಲೆಜೆಂಡರಿ’ ದರ್ಜೆಯ ಮಾಮೂಲಿ ಕಾರ್ಡ್ ತಯಾರಿಸಲು 1600 ಡಸ್ಟ್ (ಆಟದೊಳಗಿನ ನಾಣ್ಯ) ಬೇಕು, ಒಡೆದರೆ ಮರಳುವುದು 400 ಮಾತ್ರ. ಹೊಸ ಸೆಟ್ ಬಂದ ದಿನವೇ ಆತುರದಿಂದ ತಯಾರಿಸಿ ಡಸ್ಟ್ ಕಳೆದುಕೊಳ್ಳುವವರುಂಟು. ಒಂದೆರಡು ವಾರ ತಡೆದು, ಯಾವ ಡೆಕ್ ನಿಲ್ಲುತ್ತದೆ ಎಂದು ತಿಳಿದ ಮೇಲೆ ತಯಾರಿಸಲಿ.